ಕತ್ತರಿಯಣ್ಣನ ಹಲ್ಲಿನ ಸಾಫ್ಟ್‌ವೇರು

ಹಲ್ಲಿಗೂ ಕೂದಲಿಗೂ ನಡುವೆ ಇರುವುದು ಒಂದು ಮೂಗು, ಎರಡು ಕಣ್ಣು, ಒಂದು ಹಣೆ. ಗೇಣು ದೂರ. ಆ ಗೇಣನ್ನು ಲೆಕ್ಕಕ್ಕೆ ಹಿಡಿಯದೆ ಹೋದರೆ ಒಳ್ಳೆಯ ಮನುಷ್ಯನಿಗೂ ಎಂಥ ಗತಿ ಬರುತ್ತದೆ ಎಂಬುದಕ್ಕೆ ಕತ್ತರಿಯಣ್ಣನೇ ಸಾಕ್ಷಿ.

ಅವನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇತ್ತು. ಕೇಳಿದರೆ ಅವನೇ ಒಂದು ಗಳಿಗೆ ಯೋಚಿಸುತ್ತಿದ್ದ. ಬೀದಿಗೆಲ್ಲ ಅವನು ಕತ್ತರಿಯಣ್ಣ. ಸಲೂನು ಅವನ ಅಪ್ಪನ ಕಾಲದ್ದು. ಅಂಚಿನಲ್ಲಿ ಮಬ್ಬು ಹಿಡಿದ ಒಂದು ಉದ್ದ ಕನ್ನಡಿ, ಪೌಡರಿನ ಡಬ್ಬಿ, ನೀರು ಚಿಮ್ಮಿಸುವ ಬಾಟಲಿ, ಮಧ್ಯದಲ್ಲಿ ಒಂದು ಕಬ್ಬಿಣದ ಕುರ್ಚಿ. ಪಕ್ಕದ ಹಿಡಿಯನ್ನು ಎಳೆದರೆ ಕುರ್ಚಿ ಹಿಂದಕ್ಕೆ ಬಾಗುತ್ತಿತ್ತು. ಎಳೆಯದೆ ಹೋದರೂ ಮನಸ್ಸು ಬಂದಾಗ ಬಾಗುತ್ತಿತ್ತು. ಗಡ್ಡಕ್ಕೆ ಸೋಪು ಹಚ್ಚಿಸಿಕೊಂಡು ನೆಟ್ಟಗೆ ಕೂತವನು ಧಡ್ ಎಂದು ಸೂರು ನೋಡುವಂತಾಗುತ್ತಿತ್ತು. ರಿಪೇರಿ ಮಾಡಿಸು ಅಂದರೆ, "ಅಪ್ಪನ ಕುರ್ಚಿ, ಅದರ ಸ್ವಭಾವ ನಾವು ತಿದ್ದೋಕಾಗುತ್ತಾ?" ಅನ್ನುತ್ತಿದ್ದ.

ಇಷ್ಟಲ್ಲದೆ ಗೋಡೆಗೆ ತಾಗಿ ಒಂದು ಬೆಂಚು ಇತ್ತು. ಕಥೆಯೆಲ್ಲ ಇರುವುದು ಆ ಬೆಂಚಿನಲ್ಲಿ.

ಮೂವರು ಕೂರುವ ಬೆಂಚು ಅದು. ಆದರೆ ಅದರ ತುದಿಯಲ್ಲಿ ನಿವೃತ್ತ ಬಸ್ ಕಂಡಕ್ಟರ್ ಕೂರುತ್ತಿದ್ದುದರಿಂದ ಏಳು ಜನ ಹಿಡಿಸುತ್ತಿದ್ದರು. ಯಾರು ಬಾಗಿಲಲ್ಲಿ ಕಂಡರೂ ಅವರು, "ಒಳಗೆ ಜಾಗ ಇದೆ, ಮುಂದೆ ಹೋಗಿ, ಮುಂದೆ ಹೋಗಿ" ಎಂದು ಕೂರಿಸಿಬಿಡುತ್ತಿದ್ದರು. ಅವರ ಪಕ್ಕದಲ್ಲಿ ಡ್ರಿಲ್ ಮೇಷ್ಟ್ರು. ಮೇಷ್ಟ್ರ ತಲೆಯ ಮೇಲೆ ಟೋಪಿ ಬಿಟ್ಟರೆ ಬೇರೇನೂ ಇರಲಿಲ್ಲ. ಆದರೂ ದಿನಾ ತಪ್ಪದೆ ಬರುತ್ತಿದ್ದರು. "ನಿಮಗೇನು ಕೆಲಸ ಇಲ್ಲಿ?" ಎಂದು ಹೊಸಬರು ಯಾರಾದರೂ ಕೇಳಿದರೆ, "ನನ್ನ ಆಸ್ತಿಯೆಲ್ಲ ಕರಗಿದ್ದು ಇದೇ ಜಾಗದಲ್ಲಪ್ಪ. ಆಗಾಗ ಬಂದು ನೋಡ್ಕೊಂಡು ಹೋಗ್ತೀನಿ" ಅನ್ನುತ್ತಿದ್ದರು. ಮಿಕ್ಕವರು ಹೀಗೇ ಬಂದು ಹೋಗುವವರು. ತಲೆ ಕೊಡಲು ಬಂದವರು ಒಬ್ಬರು, ಕಿವಿ ಕೊಡಲು ಬಂದವರು ಆರು ಮಂದಿ. ಅವರೆಲ್ಲ ಒಟ್ಟಿಗೆ ನಕ್ಕರೆ ಕನ್ನಡಿ ಗಡಗಡ ಅನ್ನುತ್ತಿತ್ತು.

ಕಟ್ಟಡದ ಒಡತಿ ಮೇಲಿನ ಮನೆಯಲ್ಲಿದ್ದರು. ಆದ್ದರಿಂದ ಅವರು ಎಲ್ಲರಿಗೂ ಮೇಲಿನಮ್ಮ. ಒಂದು ಮಧ್ಯಾಹ್ನ ಇಂಥದೇ ನಗು ಎದ್ದಾಗ, ಅವರು ಎಡಗೆನ್ನೆಯ ಮೇಲೆ ಕೈಯಿಟ್ಟುಕೊಂಡು ಮೆಟ್ಟಿಲಿಳಿದು ಬಂದರು. 

"ಇದೇನು ಸಲೂನಾ, ಸಂತೆಯಾ?" ಅಂದರು. "ಊಟ ಮಾಡಿ ಒಂದಿಷ್ಟು ಅಡ್ಡಾಗೋಣ ಅಂದ್ರೆ ನೆಲದಿಂದ ನಗು ಏಳುತ್ತೆ. ಕೇಳಿಲ್ಲಿ. ಈ ತಿಂಗಳ ಕೊನೆಗೂ ಇಲ್ಲಿ ಗುಂಪು ಕಂಡ್ರೆ ಬೀಗದಕೈ ಮೇಲಕ್ಕೆ ಬರಬೇಕು. ಮೊಬೈಲ್ ಅಂಗಡಿಯವನು ಜಾಗ ಕೇಳ್ತಾ ಇದಾನೆ. ಅವನಂಗಡೀಲಿ ಯಾರೂ ನಗಲ್ಲ."

ಹೇಳಿ, ಕೆನ್ನೆ ಹಿಡಿದುಕೊಂಡೇ ಮೇಲೆ ಹೋದರು.

ಕತ್ತರಿಯಣ್ಣನಿಗೆ ಅನ್ನ ಸೇರಲಿಲ್ಲ. ಅಪ್ಪನ ಅಂಗಡಿ, ಅಪ್ಪನ ಕುರ್ಚಿ, ಗೊತ್ತಿದ್ದ ಒಂದೇ ಕಸುಬು. ಹೆಂಡತಿ, "ಬೆಂಚಿನವರಿಗೆ ಎದ್ದು ಹೋಗಿ ಅಂತ ಹೇಳಿದ್ರಾಯ್ತು. ಅದಕ್ಕೆ ಯಾಕ್ರೀ ಇಷ್ಟು ಸಂಕಟ?" ಎಂದಳು. ಹೇಳುವುದೇನೋ ಸುಲಭ. ಆದರೆ ಬಂದವರಿಗೆ 'ಎದ್ದು ಹೋಗಿ' ಎನ್ನುವ ಬಾಯಿ ಅವನ ವಂಶದಲ್ಲೇ ಯಾರಿಗೂ ಇರಲಿಲ್ಲ.

ಇಂಥ ಹೊತ್ತಿಗೆ ಸರಿಯಾಗಿ ಒದಗಿ ಬರುವವನೇ ಬಾಮೈದ. ಅವನು ಜೆರಾಕ್ಸ್ ಅಂಗಡಿ ಇಟ್ಟಿದ್ದ. ಹತ್ತಾರು ಆಫೀಸಿನ ಕಾಗದಗಳು ದಿನಾ ಕೈ ಮೇಲೆ ಹಾದುಹೋಗುತ್ತಿದ್ದುದರಿಂದ, ಆ ಎಲ್ಲ ಆಫೀಸಿನ ವಿದ್ಯೆಯೂ ತನಗೆ ಅಂಟಿಕೊಂಡಿದೆ ಎಂದು ಅವನ ನಂಬಿಕೆ.

"ನೀವು ಬಾಯಿ ಬಿಡಲೇಬೇಡಿ ಬಾವ. ಸಾಫ್ಟ್‌ವೇರ್ ಹೇಳುತ್ತೆ. ಯಾರು ಯಾವ ಹೊತ್ತಿಗೆ ಬರಬೇಕು ಅಂತ ಅದೇ ಮೆಸೇಜು ಕಳಿಸುತ್ತೆ. ಬರೋದು, ತಲೆ ಕೊಡೋದು, ಹೋಗೋದು. ಕಾಯೋರೇ ಇಲ್ಲದ ಮೇಲೆ ಬೆಂಚಿಗೇನು ಕೆಲಸ?"

ಕತ್ತರಿಯಣ್ಣನ ಮುಖ ಅರಳಿತು. ಆದರೆ ಯಾವ ಸಾಫ್ಟ್‌ವೇರು? ದೊಡ್ಡ ವಿಷಯ. ನಾಲ್ಕು ಜನರನ್ನು ಕೇಳದೆ ಅವನು ಹಲ್ಲುಜ್ಜುವ ಬ್ರಷ್ಷನ್ನೂ ಕೊಂಡವನಲ್ಲ. ಹಾಗಾಗಿ ಬೆಂಚನ್ನು ಖಾಲಿ ಮಾಡಿಸುವ ಉಪಾಯಕ್ಕೆ ಬೆಂಚಿನವರ ಸಲಹೆಯನ್ನೇ ಕೇಳಿದ. ಅವರೂ ಅಷ್ಟೇ ಶ್ರದ್ಧೆಯಿಂದ ಸಲಹೆ ಕೊಟ್ಟರು.

ಬಾಮೈದ ಮೊದಲು ಬಸ್ಸಿನ ಟಿಕೆಟ್ಟಿನದನ್ನು ತೋರಿಸಿದ. ಕಂಡಕ್ಟರ್ ಎದ್ದೇ ನಿಂತರು. "ಇದೇ ಸರಿ! ಸೀಟ್ ನಂಬರ್ ಇರುತ್ತೆ, ಕಿಟಕಿ ಪಕ್ಕ ಬೇಕಾ ಅಂತ ಕೇಳುತ್ತೆ."

"ಇರೋದು ಒಂದೇ ಕುರ್ಚಿ. ಅದಕ್ಕೆ ಕಿಟಕಿ ಎಲ್ಲಿಂದ ತರ್ತೀರಿ?" ಎಂದರು ಮೇಷ್ಟ್ರು. ಅವರಿಗೆ ಇಷ್ಟವಾದದ್ದು ಶಾಲೆಯ ಹಾಜರಿಯದು. ಬರದಿದ್ದರೆ ಮನೆಗೆ ದೂರು ಹೋಗುತ್ತದೆ, ಪೋಷಕರು ಬಂದು ಸಹಿ ಹಾಕಬೇಕು. "ನಿಮಗೆ ಇನ್ಯಾವ ಪೋಷಕರು ಮೇಷ್ಟ್ರೇ, ನಿಮ್ಮ ಮೊಮ್ಮಗ ಬರಬೇಕು ಸಹಿ ಹಾಕೋಕೆ" ಎಂದು ಕಂಡಕ್ಟರ್ ಸೇಡು ತೀರಿಸಿಕೊಂಡರು.

ಮೂರನೆಯದನ್ನು ತೆರೆದಾಗ ಪರದೆಯ ತುಂಬ ಒಂದು ಚಿತ್ರ ಬಂತು. ಕತ್ತರಿಯಣ್ಣ ಬಾಚಣಿಗೆಯನ್ನು ಕಿವಿಗೆ ಸಿಕ್ಕಿಸಿಕೊಂಡು ಬಗ್ಗಿ ನೋಡಿದ. ಒಂದು ಕುರ್ಚಿ. ಹಿಂದಕ್ಕೆ ಬಾಗಿದೆ. ತಲೆಗೆ ದಿಂಬು, ಕಾಲಿಗೆ ಆಸರೆ, ಪಕ್ಕದಲ್ಲಿ ನೀರಿನ ಬಟ್ಟಲು, ಮೇಲೊಂದು ದೀಪ.

"ಇದೇ ನಮ್ದು!" ಎಂದ.

"ಬಾವ, ಇದು ಹಲ್ಲಿನ ಡಾಕ್ಟರದ್ದು..."

"ಕುರ್ಚಿ ನೋಡೋ! ಅಪ್ಪನ ಕುರ್ಚಿಯ ತಮ್ಮನ ಥರ ಇದೆ. ಹಲ್ಲಾದ್ರೇನು, ಗಡ್ಡದ ಪಕ್ಕದ ಮನೆ ತಾನೇ?"

ಬೆಂಚಿನವರೆಲ್ಲ ಕುರ್ಚಿಯನ್ನು ಚಿತ್ರದ ಜೊತೆ ತಾಳೆ ನೋಡಿ ಹೌದು ಹೌದು ಎಂದರು. ಮೇಲಾಗಿ ಅದು ಪುಕ್ಕಟೆ. ಪುಕ್ಕಟೆ ಅಂದ ಮೇಲೆ ಪ್ರಶ್ನೆ ಕೇಳುವುದು ಮರ್ಯಾದೆಯಲ್ಲ.

ಒಂದೇ ತೊಡಕು. ಅದರಲ್ಲಿ ಕಟಿಂಗು, ಶೇವಿಂಗು, ಬಣ್ಣ ಎಂಬ ಮಾತೇ ಇರಲಿಲ್ಲ. ಕೀಳುವುದು, ಶುಚಿ ಮಾಡುವುದು, ತುಂಬುವುದು ಇಷ್ಟೇ ಇತ್ತು. ಬಾಮೈದ ತಲೆ ಓಡಿಸಿ ಶೇವಿಂಗನ್ನು ಶುಚಿಗೆ ಹಾಕಿದ, ಬಣ್ಣವನ್ನು ತುಂಬುವುದಕ್ಕೆ ಹಾಕಿದ. ಉಳಿದದ್ದು ಕಟಿಂಗು, ಅಲ್ಲಿ ಉಳಿದದ್ದು ಕೀಳುವುದು. ಎರಡಕ್ಕೂ ಗಂಟು ಬಿತ್ತು. ಬೀದಿಯವರ ಫೋನ್ ನಂಬರೆಲ್ಲ ಅದರೊಳಗೆ ಹೋದವು. ಬಾಗಿಲ ಮೇಲೆ ಒಂದು ಚೀಟಿ ಅಂಟಿತು: "ಇನ್ನು ಮುಂದೆ ಕಾಯುವಂತಿಲ್ಲ. ಈ ನಂಬರಿಗೆ ಫೋನ್ ಮಾಡಿ ಹೊತ್ತು ಗೊತ್ತು ಮಾಡಿಕೊಳ್ಳಿ." ಫೋನ್ ಮಾಡಿದವರ ಹೆಸರನ್ನು ಸಾಫ್ಟ್‌ವೇರೇ ಬರೆದುಕೊಳ್ಳುತ್ತಿತ್ತು.

ಎಲ್ಲರಿಗಿಂತ ಮೊದಲು ಹೊತ್ತು ಗೊತ್ತು ಮಾಡಿಕೊಂಡವನು ಬೇಕರಿಯವನು. ಸಂಜೆ ಅವನು ಒಲೆಯ ಮುಂದಿದ್ದಾಗ ಮನೆಯಲ್ಲಿದ್ದ ಫೋನಿಗೆ ಮೆಸೇಜು ಬಂತು. ಹೆಂಡತಿ ಓದಿದಳು.

"ಮಾನ್ಯರೇ, ನಾಳೆ ಹತ್ತು ಗಂಟೆಗೆ ನಿಮಗೆ ಕೀಳುವ ಚಿಕಿತ್ಸೆ ಇರುತ್ತದೆ. ಬುಡಸಮೇತ ಕೀಳಲಾಗುವುದು. ಮುಂಚೆ ಏನನ್ನೂ ತಿನ್ನಬೇಡಿ. ಜೊತೆಯಲ್ಲಿ ಒಬ್ಬ ಸಂಬಂಧಿಕರನ್ನು ತಪ್ಪದೆ ಕರೆತನ್ನಿ. ಧೈರ್ಯವಾಗಿರಿ."

ಆ ಕೊನೆಯ 'ಧೈರ್ಯವಾಗಿರಿ' ಇಲ್ಲದಿದ್ದರೆ ಅವಳು ಧೈರ್ಯವಾಗಿಯೇ ಇರುತ್ತಿದ್ದಳೋ ಏನೋ. ಕೂಡಲೇ ಅತ್ತಿಗೆಗೆ ಫೋನು ಹೋಯಿತು. ಅತ್ತಿಗೆ, ಅಂದರೆ ಬೇಕರಿಯವನ ಅಕ್ಕ, ಬೆಳಗಿನ ಮೊದಲ ಬಸ್ಸಿಗೆ ಕಂಬಳಿ, ಫ್ಲಾಸ್ಕು, ಕಣ್ಣೀರು ಮೂರನ್ನೂ ಹೊತ್ತುಕೊಂಡು ಬಂದಿಳಿದಳು.

ಸಲೂನಿನಲ್ಲಿ ಬೇಕರಿಯವನು ಬಿಳಿ ಬಟ್ಟೆ ಹೊದ್ದು ಕೂತಿದ್ದನ್ನು ಕಂಡದ್ದೇ ತಡ, ಅಕ್ಕ ಅವನ ಕೈ ಹಿಡಿದುಕೊಂಡಳು.

"ಎಷ್ಟು ಕೀಳ್ತಾರಂತೋ?"

"ಎಲ್ಲ ಸೇರಿ ಎರಡು ಬೆರಳಿನಷ್ಟು ಅಕ್ಕ. ಕಿವಿ ಮೇಲೆ ಸ್ವಲ್ಪ ಜಾಸ್ತಿ."

"ಅಯ್ಯೋ, ಕಿವಿವರೆಗೂ ಹಬ್ಬಿದೆಯಾ! ನನ್ನ ಹತ್ರ ಒಂದು ಮಾತು ಹೇಳಬಾರದಿತ್ತೇನೋ?"

"ಹೇಳೋದೇನಕ್ಕಾ, ಎಲ್ಲರಿಗೂ ಬೆಳೆಯೋದೇ."

ಕತ್ತರಿಯಣ್ಣ ಕತ್ತರಿ ಆಡಿಸಿದ. ಅಕ್ಕ ಕಣ್ಣು ಮುಚ್ಚಿಕೊಂಡಳು. ತೆಗೆದು ನೋಡಿದರೆ ತಮ್ಮ ಮದುಮಗನ ಹಾಗೆ ಹೊಳೆಯುತ್ತಿದ್ದ. ಅವಳಿಗೆ ನೋವೆಲ್ಲ ಸಿಟ್ಟಾಗಿ, ಸಿಟ್ಟೆಲ್ಲ ನಗುವಾಗಿ, ಬಂದದ್ದು ಬಂದೆ ಎಂದು ಬೆಂಚಿನ ಮೇಲೆ ಕೂತು ಫ್ಲಾಸ್ಕಿನ ಹಾಲನ್ನು ಎಲ್ಲರಿಗೂ ಹಂಚಿದಳು.

ಮರುದಿನದಿಂದ ನೋಡಬೇಕಿತ್ತು. ಮೆಸೇಜು ಬಂದವರೆಲ್ಲ ಹೇಳಿದ ಹೊತ್ತಿಗೆ ಸರಿಯಾಗಿಯೇ ಬಂದರು. ಆದರೆ ಸಂಬಂಧಿಕರ ಸಮೇತ ಬಂದರು. ಒಬ್ಬನ ಜೊತೆ ಮಾವ, ಇನ್ನೊಬ್ಬನ ಜೊತೆ ಚಿಕ್ಕಮ್ಮ, ಮತ್ತೊಬ್ಬನ ಜೊತೆ ಮಾತು ಬಿಟ್ಟಿದ್ದ ಷಡ್ಡಕ. ಖಾಲಿ ಹೊಟ್ಟೆಯಲ್ಲಿ ಬಂದಿದ್ದರಿಂದ ಕೆಲಸ ಮುಗಿದ ಮೇಲೆ ಎಲ್ಲರೂ ಪಕ್ಕದ ಬೇಕರಿಯಿಂದ ಬನ್ನು ತರಿಸಿ ಅಲ್ಲೇ ತಿಂದರು. ಬೆಂಚಿನವರು ಹೇಗೂ ಇದ್ದೇ ಇದ್ದರು. ಹೋದೆಯಾ ಪಿಶಾಚಿ ಅಂದರೆ ಬಂದೆ ಗವಾಕ್ಷಿಯಲ್ಲಿ ಅನ್ನುವ ಹಾಗೆ, ಗುಂಪು ಬಾಗಿಲಿನಿಂದ ಹೊರಟು ಮೆಟ್ಟಿಲ ತನಕ ಬೆಳೆಯಿತು. ಕಂಡಕ್ಟರ್‌ಗೆ ಮಾತ್ರ ಪರಮ ಸಂತೋಷ. "ಒಳಗೆ ಜಾಗ ಇದೆ, ಮುಂದೆ ಹೋಗಿ!"

ಮೇಷ್ಟ್ರಿಗೂ ಮೆಸೇಜು ಬಂತು. 'ಬುಡಸಮೇತ ಕೀಳಲಾಗುವುದು' ಎಂಬುದನ್ನು ಅವರ ಹೆಂಡತಿ ಎರಡು ಸಲ ಓದಿ, ಗಂಡನ ತಲೆಯನ್ನು ಒಂದು ಸಲ ನೋಡಿ, "ಇನ್ನು ಕೀಳೋಕೆ ಏನಾದ್ರೂ ಇದ್ರೆ ಅದು ನಿಮ್ಮ ಬೆಂಚಿನ ಹುಚ್ಚು. ಅದನ್ನ ಕಿತ್ತು ಕಳಿಸೋಕೆ ಹೇಳಿ" ಅಂದರಂತೆ.

ಕತ್ತರಿಯಣ್ಣ ಬಾಮೈದನ ಮುಂದೆ ಕೈ ಮುಗಿದ. "ಆ ಮಾತುಗಳನ್ನ ಬದಲಾಯಿಸೋ ಮಾರಾಯ!"

"ಬದಲಾಯಿಸೋಕೆ ದುಡ್ಡು ಕೊಡಬೇಕು ಬಾವ. ಪುಕ್ಕಟೆಯವರಿಗೆ ಅದು ಹೇಳಿದ್ದೇ ಮಾತು."

ಸುದ್ದಿಗೆ ಕಾಲಿಲ್ಲದಿದ್ದರೂ ಓಡುವುದರಲ್ಲಿ ಅದನ್ನು ಮೀರಿಸಿದವರಿಲ್ಲ. ಹೂವಿನವಳು ಹಾಲಿನವನಿಗೆ, ಹಾಲಿನವನು ಪೇಪರಿನವನಿಗೆ ಹೇಳಿದರು. ಕತ್ತರಿಯಣ್ಣ ಹಲ್ಲು ಕೀಳುತ್ತಾನಂತೆ ಎಂದು ಹೊರಟ ಮಾತು, ಬೀದಿ ದಾಟುವಾಗ ನೋವೇ ಇಲ್ಲವಂತೆ ಎಂದಾಯಿತು. ಆರೋಗ್ಯ ಇಲಾಖೆಯ ಮೆಟ್ಟಿಲು ಹತ್ತುವ ಹೊತ್ತಿಗೆ, ಕತ್ತರಿಯಲ್ಲೇ ಕೀಳುತ್ತಾನಂತೆ ಎಂದಾಗಿತ್ತು.

ತಿಂಗಳ ಕೊನೆ ಬಂತು. ಬೆಳಿಗ್ಗೆ ಕತ್ತರಿಯಣ್ಣ ಫೋನು ತೆರೆದು ಆ ದಿನ ಬರುವವರನ್ನು ನೋಡಿದ. ಹನ್ನೊಂದು ಗಂಟೆಗೆ ಎದುರಾಗಿ ಬರೆದಿತ್ತು: ಮೇಲಿನಮ್ಮ. ಕೀಳುವುದು.

"ಲೇ, ಇವರಿಗೆ ಕಟಿಂಗ್ ಯಾಕೆ?" ಎಂದು ಹೆಂಡತಿಯನ್ನು ಕೇಳಿದ.

"ಕೀಳೋದು ಕೂದಲನ್ನಲ್ಲ, ಅಂಗಡೀನ" ಎಂದಳು ಹೆಂಡತಿ. "ಬೀಗದಕೈ ಒರೆಸಿಟ್ಟಿರಿ, ಕೊಡುವಾಗ ಚೆನ್ನಾಗಿ ಕಾಣಲಿ."

ಹನ್ನೊಂದು ಹೊಡೆಯಿತು. ಬೆಂಚು ಕಿಕ್ಕಿರಿದಿತ್ತು. ಮೇಲಿನಮ್ಮ ಮೆಟ್ಟಿಲಿಳಿದು ಬಂದರು. ಎಡಗೆನ್ನೆ ಬನ್ನಿನ ಹಾಗೆ ಊದಿತ್ತು. ಬೀಗದಕೈ ಹಿಡಿದು ನಿಂತ ಕತ್ತರಿಯಣ್ಣನನ್ನು ಅವರು ನೋಡಲೇ ಇಲ್ಲ. ನೆಟ್ಟಗೆ ಹೋಗಿ ಕುರ್ಚಿಯ ಮೇಲೆ ಕೂತುಬಿಟ್ಟರು.

"ಎಷ್ಟು ದಿನದಿಂದ ಈ ಹಲ್ಲು ಜೀವ ತಿಂತಾ ಇದೆ ಗೊತ್ತಾ? ಡಾಕ್ಟರ ಹತ್ರ ಹೋಗೋಕೆ ನನಗೆ ಕೈಕಾಲು ನಡುಕ. ನೀನು ನೋವಿಲ್ಲದೆ ಕೀಳ್ತೀಯಂತೆ. ಕೆಳಗೇ ಇದ್ದು ಒಂದು ಮಾತು ಹೇಳಲಿಲ್ಲವಲ್ಲೋ!"

"ಅಮ್ಮಾ, ಅದು... ಸಾಫ್ಟ್‌ವೇರು..."

"ಅದೇ ಮೆತ್ತಗೆ ಕೀಳೋದಾ? ಸರಿ, ಅದನ್ನೇ ಹಾಕು. ಸಂಬಂಧಿಕರು ಒಬ್ಬರು ಬೇಕಂತಲ್ಲ. ಮಗ ಸೊಸೆ ಕೆಲಸಕ್ಕೆ ಹೋಗಿದಾರೆ. ಮೇಷ್ಟ್ರೇ, ಈ ಹೊತ್ತಿಗೆ ನೀವೇ ನನಗೆ ಅಣ್ಣ. ಬನ್ನಿ, ಕೈ ಹಿಡ್ಕೊಳ್ಳಿ."

ಜೀವಮಾನವೆಲ್ಲ 'ಸಾವಧಾನ್' ಎಂದು ಕೂಗಿದ ಮೇಷ್ಟ್ರು, ಯಾರೂ ಹೇಳದೆಯೇ ಸಾವಧಾನದಲ್ಲಿ ನಿಂತು ಕೈ ನೀಡಿದರು. ಮೇಲಿನಮ್ಮ ಕಣ್ಣು ಮುಚ್ಚಿ ಬಾಯಿ ತೆರೆದರು. ಒಳಗೆ ಒಂದು ಹಲ್ಲು, ಬುಡ ಸಡಿಲಿದ ಬೇಲಿಗೂಟದ ಹಾಗೆ, ಉಸಿರಾಡಿದಾಗೆಲ್ಲ ಅಲ್ಲಾಡುತ್ತಿತ್ತು.

ಕತ್ತರಿಯಣ್ಣನ ಒಂದು ಕೈಯಲ್ಲಿ ಬಾಚಣಿಗೆ, ಇನ್ನೊಂದರಲ್ಲಿ ಬೀಗದಕೈ. ನಿಜ ಹೇಳಿದರೆ ಅಂಗಡಿ ಹೋಗುತ್ತದೆ. ಹೇಳದಿದ್ದರೆ ಹಲ್ಲು ಕೀಳಬೇಕಾಗುತ್ತದೆ. ಅವನ ಕಸುಬಿನಲ್ಲಿ ಎರಡಕ್ಕೂ ಉಪಕರಣ ಇರಲಿಲ್ಲ. ಅವನು ಕುರ್ಚಿಗೆ ಒರಗಿಕೊಂಡು ನಿಂತ. ಆ ಸಲೂನಿನಲ್ಲಿ ಅಪ್ಪನ ಕಾಲದಿಂದಲೂ ಅಂಥ ಮೌನ ಆಗಿರಲಿಲ್ಲ.

ಕಂಡಕ್ಟರ್‌ಗೆ ಆ ಮೌನ ತಡೆಯಲಾಗಲಿಲ್ಲ. ನಿಂತ ಗಾಡಿ ಅವರಿಗೆ ಆಗದು.

"ರೈಟ್!" ಅಂದುಬಿಟ್ಟರು.

ಕತ್ತರಿಯಣ್ಣ ಬೆಚ್ಚಿಬಿದ್ದ. ಮೊಣಕೈ ಹಿಡಿಗೆ ತಗುಲಿತು. ಅಪ್ಪನ ಕುರ್ಚಿ ಧಡ್ ಎಂದು ಹಿಂದಕ್ಕೆ ಬಿತ್ತು. ಮೇಲಿನಮ್ಮ, "ಹಾ!" ಎಂದರು. ಆ 'ಹಾ' ಜೊತೆಗೆ ಬಿಳಿಯದೊಂದು ಹಾರಿ ಬಂದು, ಪೌಡರ್ ಡಬ್ಬಿಗೆ ಟಣ್ ಎಂದು ಬಡಿದು, ಬಾಚಣಿಗೆಗಳ ನಡುವೆ ಬಿತ್ತು.

ಮೇಲಿನಮ್ಮ ಸೂರು ನೋಡುತ್ತ ಮಲಗಿದ್ದವರು ನಾಲಿಗೆಯಿಂದ ಬಾಯೆಲ್ಲ ತಡವಿ ನೋಡಿದರು. ಆಮೇಲೆ ಮುಖ ತುಂಬ ನಕ್ಕರು.

"ಹೋಯ್ತಲ್ಲೋ! ಗೊತ್ತೇ ಆಗಲಿಲ್ಲ!"

ಅದೇ ಗಳಿಗೆಗೆ ಬಾಗಿಲಲ್ಲಿ ಕೈಚೀಲ ಹಿಡಿದ ಆರೋಗ್ಯ ಇಲಾಖೆಯ ಸಾಹೇಬರು ಕಾಣಿಸಿಕೊಂಡರು. ಅವರಿಗೆ ಕಂಡದ್ದು ಬಾಗಿದ ಕುರ್ಚಿ, ಬಾಯಿ ಒರೆಸಿಕೊಳ್ಳುತ್ತಿರುವ ಹೆಂಗಸು, ಬಾಚಣಿಗೆ ಹಿಡಿದು ನಿಂತ ಕತ್ತರಿಯಣ್ಣ.

"ಇಲ್ಲಿ ಹಲ್ಲು ಕೀಳ್ತಾರೆ ಅಂತ ದೂರು ಬಂದಿದೆ. ಯಾರು ಕಿತ್ತಿದ್ದು?"

"ಕುರ್ಚಿ!" ಎಂದಿತು ಇಡೀ ಬೆಂಚು.

"ತಮಾಷೆ ಮಾಡ್ತೀರಾ? ಇಕ್ಕಳ ಎಲ್ಲಿ? ಸೂಜಿ ಎಲ್ಲಿ?" ಎಂದು ಸಾಹೇಬರು ಎಲ್ಲ ಜಾಲಾಡಿದರು. ಸಿಕ್ಕಿದ್ದು ಬಾಚಣಿಗೆ. ಬೇಕರಿಯವನು, "ಅದಕ್ಕೆ ಹಲ್ಲಿವೆ ಸ್ವಾಮಿ, ಎಣಿಸಿಕೊಳ್ಳಿ. ಒಂದೂ ಕಿತ್ತಿಲ್ಲ" ಎಂದ.

ಸಾಹೇಬರು ಮೊಬೈಲು ತೆಗೆದು, ದೂರಿನ ಜೊತೆ ಬಂದಿದ್ದ ಮೆಸೇಜನ್ನು ಗಟ್ಟಿಯಾಗಿ ಓದಿದರು. "'ಬುಡಸಮೇತ ಕೀಳಲಾಗುವುದು.' ಇದಕ್ಕೇನು ಹೇಳ್ತೀರಿ?"

ಆಗ ಮೇಷ್ಟ್ರು ಎರಡು ಹೆಜ್ಜೆ ಮುಂದೆ ಬಂದರು. "ಸ್ವಾಮಿ, ಇದೇ ಮೆಸೇಜು ನನಗೂ ಬಂದಿತ್ತು" ಎಂದು ಬಾಯಿ ಅಗಲಿಸಿ ತೋರಿಸಿದರು. ಹಲ್ಲುಗಳೆಲ್ಲ ಸಾಲಾಗಿ, ಡ್ರಿಲ್ಲಿಗೆ ನಿಂತ ಹುಡುಗರ ಹಾಗೆ ಇದ್ದವು. "ನೋಡಿದ್ರಾ? ಇನ್ನು ಕಿತ್ತಿದ್ದೇನು ಅಂತ ಕೇಳ್ತೀರಾ?" ಎಂದು ಟೋಪಿ ತೆಗೆದರು.

ಹೊರಗಿನ ಬಿಸಿಲೆಲ್ಲ ಆ ತಲೆಯ ಮೇಲೆ ಬಂದು ಕೂತಿತು. ಸಾಹೇಬರು ಗಂಭೀರವಾಗಿರಲು ಮಾಡಿದ ಪ್ರಯತ್ನವನ್ನು ಮೆಚ್ಚಬೇಕು. ಮೊದಲು ಮೀಸೆ ನಡುಗಿತು, ಆಮೇಲೆ ಭುಜ. ಕಡೆಗೆ ಕೈಚೀಲವನ್ನು ಹೊಟ್ಟೆಗೆ ಅವುಚಿಕೊಂಡು ನಕ್ಕುಬಿಟ್ಟರು. ಬೆಂಚೂ ನಕ್ಕಿತು, ಕನ್ನಡಿ ಗಡಗಡ ಅಂದಿತು. ಮೇಲಿನಮ್ಮನಂತೂ ಮಲಗಿದ ಕುರ್ಚಿಯಲ್ಲೇ ಉರುಳಾಡಿ ನಕ್ಕರು. ನಕ್ಕು ಮುಗಿಸಿ ಎದ್ದು ಕೂತು, ಸಾಹೇಬರತ್ತ ಬೆರಳು ತೋರಿಸಿದರು.

"ಹಲ್ಲು ನಂದು, ಬಾಯಿ ನಂದು, ಕಟ್ಟಡ ನಂದು. ಅಲ್ಲಾಡ್ತಿದ್ದದ್ದು ಬಿತ್ತು. ಬರ್ಕೊಳ್ಳೋದಿದ್ರೆ ಕುರ್ಚಿ ಹೆಸರು ಬರ್ಕೊಳ್ಳಿ. ಇಲ್ಲಾಂದ್ರೆ ಕೂತ್ಕೊಳ್ಳಿ, ಕಿವಿ ಮೇಲೆ ಕಾಡು ಬೆಳೆದಿದೆ."

ಸಾಹೇಬರು ಕನ್ನಡಿ ನೋಡಿಕೊಂಡರು. ಸುಳ್ಳೇನಲ್ಲ. "ಮೊದಲು ಆ ಮೆಸೇಜು ನಿಲ್ಲಿಸಿ, ಆಮೇಲೆ ಕಟಿಂಗ್ ಮಾಡಿ" ಎಂದು ಆಜ್ಞೆ ಮಾಡಿದರು. "ಮುಂದೆ ಹೋಗಿ ಸ್ವಾಮಿ, ಜಾಗ ಇದೆ" ಎಂದರು ಕಂಡಕ್ಟರ್.

ಕತ್ತರಿಯಣ್ಣ ಬೀಗದಕೈಯನ್ನು ಇನ್ನೂ ಹಿಡಿದೇ ಇದ್ದ. ಮೆಲ್ಲಗೆ ಮೇಲಿನಮ್ಮನ ಮುಂದೆ ಚಾಚಿದ. "ಅಮ್ಮ, ಗುಂಪು ಕಡಿಮೆ ಮಾಡೋಕೆ ಹೋಗಿ ಹೀಗಾಯ್ತು. ತಿಂಗಳು ಮುಗೀತು..."

"ನಿನಗೆ ಬುದ್ಧಿ ಯಾವಾಗ ಬರುತ್ತೋ?" ಎಂದರು ಅವರು. "ನನಗೆ ಸಿಟ್ಟು ಗುಂಪಿನ ಮೇಲೆ ಅಂದ್ಕೊಂಡ್ಯಾ? ನಗು ಮೇಲಕ್ಕೆ ಬರುತ್ತೆ, ಮಾತು ಬರಲ್ಲ. ಏನು ಹೇಳಿದ್ರೋ, ಯಾಕೆ ನಕ್ಕರೋ, ನನ್ನನ್ನೇ ನೋಡಿ ನಕ್ಕರೋ, ಅಂತ ದಿನಾ ಮಂಚದ ಮೇಲೆ ಹೊರಳಾಡ್ತೀನಿ. ಮನುಷ್ಯರಿಗೆ ಸಿಟ್ಟು ಬರಲ್ವಾ? ಖಾಲಿ ಮಾಡಬೇಕಾದ್ದು ನೀನಲ್ಲ, ಆ ಸಾಫ್ಟ್‌ವೇರು. ಸಂಜೆಯೊಳಗೆ ಅದು ಜಾಗ ಬಿಡಬೇಕು. ಮುಂಗಡ ಏನೂ ವಾಪಸ್ ಕೊಡೋದಿಲ್ಲ ಅಂತ ಹೇಳಿಬಿಡು."

ಬಾಮೈದ ಓಡಿ ಬಂದು ಅಲ್ಲೇ ಅದನ್ನು ಅಳಿಸಲು ಕೂತ. ಅಳಿಸುವ ಮುಂಚೆ ಅದು ತನ್ನ ಕೊನೆಯ ಕರ್ತವ್ಯ ಮಾಡಿಯೇ ಹೋಯಿತು. ಮೇಲಿನಮ್ಮನ ಫೋನು ಟಿಂಗ್ ಅಂದಿತು. ಅಷ್ಟು ಹೊತ್ತಿಗೆ ಅವರು ಕಂಡಕ್ಟರ್‌ಗೂ ಮೇಷ್ಟ್ರಿಗೂ ನಡುವೆ, ಬೆಂಚಿನ ಮೇಲೆ, ಎಂಟನೆಯವರಾಗಿ ಹಿಡಿಸಿಕೊಂಡಿದ್ದರು. ಕನ್ನಡಕ ಏರಿಸಿ, ಎಲ್ಲರಿಗೂ ಕೇಳುವ ಹಾಗೆ ಓದಿದರು.

"'ನಿಮ್ಮ ಚಿಕಿತ್ಸೆ ಯಶಸ್ವಿಯಾಗಿದೆ. ಇನ್ನೆರಡು ದಿನ ಗಟ್ಟಿಯಾಗಿ ನಗಬಾರದು.'"

ಆಗ ಎದ್ದ ನಗುವಿಗೆ ಕುರ್ಚಿ ತಾನೇ ತಾನಾಗಿ ಬಾಗಿ ಸಾಹೇಬರನ್ನು ಮಲಗಿಸಿತು. ಅಂಥ ನಗು ಆ ಬೀದಿಯಲ್ಲಿ ಹಿಂದೆ ಎದ್ದದ್ದಿಲ್ಲ. ಅದು ಮೇಲಿನ ಮನೆಗೆ ಕೇಳಿಸಿತೋ ಇಲ್ಲವೋ ಹೇಳುವುದು ಕಷ್ಟ. ಕೇಳಿ ಸಿಟ್ಟು ಮಾಡಿಕೊಳ್ಳಲು ಅಲ್ಲಿ ಯಾರೂ ಇರಲಿಲ್ಲ.